ಡಯಾಲಿಸಿಸ್ ಶುರುವಾಗಿದ್ಯಾ? ಮೆಷಿನ್ ಇಲ್ಲದ 156 ಗಂಟೆ ನೋಡ್ಕೊಳ್ಳೋದು ಹೇಗೆ

ವಾರಕ್ಕೆ 168 ಗಂಟೆ. ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ ಅಂತ ಹಿಡಿದ್ರೆ ಡಯಾಲಿಸಿಸ್ ಮೆಷಿನ್ ನಮ್ಮ ಜೊತೆ ಇರೋದು ಬರೀ 12 ಗಂಟೆ. ಚೆನ್ನಾಗಿರೋ ಕಿಡ್ನಿ ಒಂದು ನಿಮಿಷ ಬಿಡುವಿಲ್ಲದೆ ದಿನಕ್ಕೆ ಹತ್ತತ್ರ 180 ಲೀಟರ್ ಸೋಸತ್ತೆ, ಅದ್ರಲ್ಲಿ ಬೇಕಾದ್ದನ್ನೆಲ್ಲ ವಾಪಸ್ ಒಳಗೆ ತಗೊಂಡು ಒಂದೂವರೆ ಲೀಟರ್ ಮೂತ್ರ ಮಾಡಿ ಕಳಿಸತ್ತೆ. ಆ ಕೆಲಸನ 12 ಗಂಟೆಲಿ ಮಾಡಿ ಮುಗಿಸು ಅಂದ್ರೆ ಯಾವ ಮೆಷಿನ್ನಿಗೂ ಪೂರ್ತಿ ಆಗಲ್ಲ. ಉಳಿದ 156 ಗಂಟೆ ನಾವು ಹೇಗಿರ್ತೀವಿ ಅನ್ನೋದ್ರ ಮೇಲೆ ಆ 12 ಗಂಟೆ ಸಲೀಸಾಗಿ ಹೋಗತ್ತೋ ಒದ್ದಾಟ ಆಗತ್ತೋ ಅನ್ನೋದು ನಿಂತಿದೆ. ನಾನು ಮೂರು ವರ್ಷ ಡಯಾಲಿಸಿಸ್ ಮಾಡಿಸ್ಕೊಂಡು ಆಮೇಲೆ ಅಕ್ಕ ಕೊಟ್ಟ ಕಿಡ್ನಿಲಿ ಬದುಕ್ತಿರೋ ಮನುಷ್ಯ, ಮೊದಲ ಆರು ತಿಂಗಳು ಇದು ಗೊತ್ತಿಲ್ದೆ ತುಂಬಾ ಕಷ್ಟ ಪಟ್ಟೆ, ಅದಕ್ಕೇ ಹೊಸದಾಗಿ ಶುರುವಾದವರಿಗೂ ಅವರ ಮನೆಯವರಿಗೂ ಇದನ್ನ ಬರೀತಿದೀನಿ. ನಿಮ್ಮ ಡಾಕ್ಟರ್ ನಿಮ್ಮ ರಿಪೋರ್ಟ್ ನೋಡಿ ಬೇರೆ ಏನಾದ್ರೂ ಹೇಳಿದ್ರೆ ಅದೇ ಸರಿ, ಅದನ್ನೇ ಮಾಡಿ.

ಮೊದಲು ಕಲೀಬೇಕಾದ್ದು ಡ್ರೈ ವೇಟ್. ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗ, ಊತ ಇಲ್ಲದೆ, ದಮ್ಮು ಇಲ್ಲದೆ, ಬಿಪಿ ಸರಿಯಾಗಿರೋವಾಗ ಎಷ್ಟು ತೂಕ ಇರ್ತೀರೋ ಅದು ನಿಮ್ಮ ಡ್ರೈ ವೇಟ್. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ, ಹಾಗಾಗಿ ಒಂದು ಡಯಾಲಿಸಿಸ್ಸಿಂದ ಇನ್ನೊಂದಕ್ಕೆ ಎರಡೂವರೆ ಕೆಜಿ ಜಾಸ್ತಿ ಆಗಿದ್ರೆ ಅದು ಎರಡೂವರೆ ಲೀಟರ್ ನೀರೇ, ಎರಡು ದಿನದಲ್ಲಿ ಯಾರಿಗೂ ಅಷ್ಟು ಮೈ ಬರಲ್ಲ. ಮನೇಲಿ ಒಂದು ತೂಕದ ಮೆಷಿನ್ ಇಟ್ಕೊಳ್ಳಿ, ದಿನಾ ಬೆಳಿಗ್ಗೆ ಬಾತ್ರೂಮಿಗೆ ಹೋಗಿ ಬಂದು, ಏನೂ ಕುಡಿಯೋಕೆ ಮುಂಚೆ, ಒಂದೇ ಥರದ ಬಟ್ಟೆಲಿ ನಿಂತು ನೋಡಿ ಬರ್ದಿಡಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ನೀರು ತೆಗೆಯೋಕೂ ಒಂದು ಮಿತಿ ಇದೆ. ಒಂದು ಕೆಜಿ ತೂಕಕ್ಕೆ ಗಂಟೆಗೆ 13 ಎಂಎಲ್‌ಗಿಂತ ಜಾಸ್ತಿ ತೆಗೀಬಾರ್ದು ಅನ್ನೋದು ಸಾಮಾನ್ಯವಾಗಿ ಇಟ್ಕೊಳ್ಳೋ ಲೆಕ್ಕ. 60 ಕೆಜಿ ಇರೋರಿಗೆ ಗಂಟೆಗೆ 780 ಎಂಎಲ್ ಆಯ್ತು, ನಾಲ್ಕು ಗಂಟೆಗೆ ಮೂರು ಲೀಟರ್ ಚಿಲ್ರೆ. ನೀವು ಐದು ಲೀಟರ್ ಹೊತ್ಕೊಂಡು ಹೋದ್ರೆ ಒಂದೋ ಎಲ್ಲಾ ತೆಗೆಯೋಕೆ ಹೋಗಿ ಬಿಪಿ ಬೀಳತ್ತೆ, ಕಾಲು ಹಿಡ್ಕೊಳ್ಳತ್ತೆ, ಹೃದಯಕ್ಕೆ ಪೆಟ್ಟು ಬೀಳತ್ತೆ, ಇಲ್ಲಾ ಅಂದ್ರೆ ಎರಡು ಲೀಟರ್ ಒಳಗೇ ಉಳ್ಕೊಳ್ಳತ್ತೆ. ನನಗೆ ಒಂದ್ಸಲ ಎರಡು ದಿನದ ಗ್ಯಾಪಲ್ಲಿ ಹೀಗೇ ಆಯ್ತು. ರಾತ್ರಿ ಮಲಗಿದ್ರೆ ಉಸಿರು ಕಟ್ಟತ್ತೆ, ಎದ್ದು ಕೂತ್ರೆ ಸ್ವಲ್ಪ ಪರವಾಗಿಲ್ಲ, ಎರಡು ದಿಂಬು ಮೂರು ದಿಂಬು ಆಗಿ ಕೊನೆಗೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದೆ, ಬೆಳಿಗ್ಗೆ ಅರ್ಜೆಂಟಾಗಿ ಡಯಾಲಿಸಿಸ್ ಹಾಕಿದ್ರು. ಮಲಗಿದ್ರೆ ದಮ್ಮು, ಕೂತ್ರೆ ಕಮ್ಮಿ ಅಂದ್ರೆ ಶ್ವಾಸಕೋಶಕ್ಕೆ ನೀರು ಇಳೀತಿದೆ ಅಂತ ಅರ್ಥ, ಬೆಳಗಾಗ್ಲಿ ಅಂತ ನನ್ನ ಹಾಗೆ ಕಾಯ್ಬೇಡಿ, ಆಗ್ಲೇ ಹೊರಡಿ.

ಹಾಗಾದ್ರೆ ದಿನಕ್ಕೆ ಎಷ್ಟು ಕುಡೀಬಹುದು? ಹೆಚ್ಚಿನವರಿಗೆ ಹೇಳೋದು, ಹಿಂದಿನ ದಿನ ಎಷ್ಟು ಮೂತ್ರ ಹೋಗಿತ್ತೋ ಅದರ ಮೇಲೆ ಅರ್ಧ ಲೀಟರ್, ಸ್ವಲ್ಪ ಹೆಚ್ಚು ಕಮ್ಮಿ. ಮೂತ್ರ ಪೂರ್ತಿ ನಿಂತೋಗಿದ್ರೆ ಅಲ್ಲಿಗೆ ಅದೇ ಅರ್ಧ ಮುಕ್ಕಾಲು ಲೀಟರ್. ಇದಕ್ಕೆ ನಾನು ಮಾಡ್ತಿದ್ದ ಉಪಾಯ ಹೇಳ್ತೀನಿ, ಬೇರೆ ಎಲ್ಲಾ ಲೆಕ್ಕಕ್ಕಿಂತ ಇದೇ ಕೆಲಸಕ್ಕೆ ಬಂದಿದ್ದು. ಬೆಳಿಗ್ಗೆ ಒಂದು ಬಾಟ್ಲಿಗೆ ಆ ದಿನದ ಪಾಲಿನಷ್ಟೂ ನೀರು ತುಂಬಿ ಇಟ್ಬಿಡೋದು. ಕಾಫಿ ಕುಡಿದ್ರೆ ಅದೇ ಲೋಟದಲ್ಲಿ ಅಷ್ಟೇ ನೀರನ್ನ ಬಾಟ್ಲಿಯಿಂದ ಅಳೆದು ಗಿಡಕ್ಕೆ ಹಾಕೋದು, ತೆಳ್ಳಗಿರೋ ಸಾರೋ ಮಜ್ಜಿಗೆನೋ ಏನಾದ್ರೂ ತಗೊಂಡ್ರೆ ಅದಕ್ಕೂ ಹಾಗೇ, ಮಾತ್ರೆ ನುಂಗೋ ನೀರೂ ಅದೇ ಬಾಟ್ಲಿಯಿಂದ. ಬಾಟ್ಲಿ ಖಾಲಿ ಆಯ್ತು ಅಂದ್ರೆ ದಿನದ ಪಾಲು ಮುಗೀತು. ಕಣ್ಣೆದುರಿಗೆ ಎಷ್ಟು ಉಳಿದಿದೆ ಅಂತ ಕಾಣ್ತಿರತ್ತೆ ನೋಡಿ, ಮಧ್ಯಾಹ್ನದಷ್ಟೊತ್ತಿಗೇ ಕೈ ತಾನೇ ಬಿಗಿ ಆಗತ್ತೆ. ದೊಡ್ಡ ಲೋಟ ಬಿಟ್ಟು ಪುಟ್ಟ ಲೋಟ ಇಟ್ಕೊಳ್ಳಿ, ಬಾಯಿ ಒಣಗಿದ್ರೆ ಮುಕ್ಕಳಿಸಿ ಉಗೀರಿ, ಒಂದು ತುಂಡು ನಿಂಬೆಹಣ್ಣು ಚೀಪಿ, ಐಸ್ ಕ್ಯೂಬ್ ಬಾಯಲ್ಲಿಟ್ಕೊಂಡ್ರೂ ಸಮಾಧಾನ ಆಗತ್ತೆ ಆದ್ರೆ ಐಸೂ ನೀರೇ, ಅದನ್ನೂ ಲೆಕ್ಕಕ್ಕೆ ಹಿಡೀರಿ.

ನಿಜ ಹೇಳ್ಬೇಕಂದ್ರೆ ನೀರಿಗಿಂತ ಮುಂಚೆ ಹಿಡೀಬೇಕಾದ್ದು ಉಪ್ಪನ್ನ. ಉಪ್ಪು ತಿಂದ್ಮೇಲೆ ಬಾಯಾರಿಕೆ ತಡ್ಕೊಳ್ಳೋದು ಯಾರ ಕೈಲೂ ಆಗದ ಮಾತು, ಅದಕ್ಕೆ ಮನಸ್ಸು ಗಟ್ಟಿ ಇಲ್ಲ ಅಂತ ಪೇಶೆಂಟನ್ನ ಬೈಯೋದ್ರಲ್ಲಿ ಅರ್ಥ ಇಲ್ಲ. ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ ಒಳಗೆ, ಅಂದ್ರೆ ಒಂದು ಟೀ ಸ್ಪೂನಿಗಿಂತ ಕಮ್ಮಿ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ಪ್ಯಾಕೆಟ್ ಸೂಪು, ಇನ್‌ಸ್ಟೆಂಟ್ ನೂಡಲ್ಸ್ ಇವೆಲ್ಲ ಬಿಡ್ಬೇಕು. ಇನ್ನೊಂದು ದೊಡ್ಡ ಎಚ್ಚರಿಕೆ ಇದೆ, ಬಿಪಿ ಇರೋರಿಗೆ ಅಂತ ಲೋ ಸೋಡಿಯಂ ಉಪ್ಪು ಮಾರ್ತಾರಲ್ಲ ಅದ್ರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರತ್ತೆ, ನಮಗದು ವಿಷ ಇದ್ದ ಹಾಗೆ, ಮನೆಯವರು ಒಳ್ಳೇದಕ್ಕೆ ಅಂತ ತಂದಿಡ್ತಾರೆ, ಅಡಿಗೆ ಮನೇಲಿ ಇದ್ರೆ ಇವತ್ತೇ ತೆಗೆದಿಡಿ. ಶುಗರ್ ಇರೋರಿಗೆ ಶುಗರ್ ಏರಿದ್ರೂ ಬಾಯಾರಿಕೆ ಏರತ್ತೆ. ಹಾಗಂತ ಇನ್ಸುಲಿನ್ ನೀವೇ ಏರಿಸ್ಬೇಡಿ, ಕಿಡ್ನಿ ಹೋದ್ಮೇಲೆ ಇನ್ಸುಲಿನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯತ್ತೆ, ಹಳೇ ಡೋಸಿಗೇ ಶುಗರ್ ಧಡಕ್ಕಂತ ಇಳಿದು ತಲೆ ಸುತ್ತಿ ಬಿದ್ದವರಿದ್ದಾರೆ.

ಪೊಟ್ಯಾಸಿಯಂ ವಿಷಯ ಬೇರೆ. ನೀರು ಜಾಸ್ತಿ ಆದ್ರೆ ಊತ, ದಮ್ಮು ಅಂತ ಗೊತ್ತಾಗತ್ತೆ, ಪೊಟ್ಯಾಸಿಯಂ ಏರಿದ್ರೆ ಎಷ್ಟೋ ಸಲ ಏನೂ ಗೊತ್ತಾಗಲ್ಲ, ನೇರ ಹೃದಯದ ಬಡಿತವೇ ತಪ್ಪತ್ತೆ. ರಿಪೋರ್ಟಲ್ಲಿ 6 ದಾಟಿದ್ರೆ ಅಪಾಯ ಅಂತಾನೇ ತಿಳ್ಕೊಳ್ಳಿ. ಕಾಲಲ್ಲಿ ಶಕ್ತಿ ಇಲ್ಲ ಅನ್ನಿಸೋದು, ಎದೆ ಬಡಿತ ಏರುಪೇರು ಆಗೋದು ಕಂಡ್ರೆ ತಡ ಮಾಡ್ಬೇಡಿ. ಬಾಳೆಹಣ್ಣು, ಕಿತ್ತಳೆ, ಒಣದ್ರಾಕ್ಷಿ ಖರ್ಜೂರದಂಥ ಒಣಹಣ್ಣು, ಹಣ್ಣಿನ ಜ್ಯೂಸು, ಆಲೂಗಡ್ಡೆ, ಟೊಮೇಟೊ ಇವುಗಳಲ್ಲಿ ಜಾಸ್ತಿ. ಸೇಬು, ಅನಾನಸ್ ಮಿತವಾಗಿ ನಡೆಯತ್ತೆ. ತರಕಾರಿನ ಸಣ್ಣಗೆ ಹೆಚ್ಚಿ ತುಂಬಾ ನೀರಲ್ಲಿ ಬೇಯಿಸಿ ಆ ನೀರನ್ನ ಚೆಲ್ಲಿಬಿಟ್ರೆ ಪೊಟ್ಯಾಸಿಯಂ ಸಾಕಷ್ಟು ಇಳಿಯತ್ತೆ. ಸತ್ವ ಹೋಗತ್ತೆ ಅಂತ ಆ ನೀರನ್ನೇ ಸಾರಿಗೆ ಹಾಕಿದ್ರೆ ಬೇಯಿಸಿದ್ದೇ ವೇಸ್ಟ್. ಕಮರಾಕ್ಷಿ ಹಣ್ಣು, ಅದೇ ಸ್ಟಾರ್ ಫ್ರೂಟ್, ಅದನ್ನ ಒಂದು ಹೋಳೂ ಬೇಡ, ಅದರಲ್ಲಿರೋ ವಿಷವನ್ನ ಕೆಟ್ಟ ಕಿಡ್ನಿ ಹೊರಗೆ ಹಾಕಕ್ಕಾಗಲ್ಲ, ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಗೊಂದಲ, ಫಿಟ್ಸ್‌ವರೆಗೂ ಹೋಗತ್ತೆ. ಮತ್ತೆ ವಾರದಲ್ಲಿ ಎರಡು ದಿನದ ಗ್ಯಾಪ್ ಒಂದು ಬರತ್ತಲ್ಲ, ಅದರ ಕೊನೆ ಹೊತ್ತೇ ಹೃದಯಕ್ಕೆ ಜಾಸ್ತಿ ಅಪಾಯದ ಹೊತ್ತು, ನೀರು ಪೊಟ್ಯಾಸಿಯಂ ಎರಡೂ ಮೇಲಿರತ್ತೆ, ಹಾಗಾಗಿ ಯಾವತ್ತಾದ್ರೂ ಒಂದು ತುತ್ತು ಹೆಚ್ಚು ತಿನ್ಬೇಕು ಅನ್ನಿಸಿದ್ರೂ ಆ ಗ್ಯಾಪಲ್ಲಿ ಬೇಡ.

ರಂಜಕ, ಫಾಸ್ಫರಸ್ ಅಂತಾರಲ್ಲ, ಅದು ಇವತ್ತು ಕಾಣಲ್ಲ, ವರ್ಷಗಟ್ಟಲೆ ನಿಧಾನಕ್ಕೆ ಮೂಳೆ ಸವೆಸತ್ತೆ, ರಕ್ತನಾಳ ಗಟ್ಟಿ ಮಾಡತ್ತೆ, ಮೈ ತುರಿಕೆಗೂ ಒಂದು ಕಾರಣ. ಕೋಲಾ, ಪ್ಯಾಕೆಟ್ ತಿಂಡಿ, ಸಂಸ್ಕರಿಸಿದ ಮಾಂಸ ಇವುಗಳಿಗೆ ಸೇರಿಸೋ ಫಾಸ್ಫೇಟ್ ಹೆಚ್ಚುಕಮ್ಮಿ ಪೂರ್ತಿ ರಕ್ತಕ್ಕೆ ಹೋಗತ್ತೆ. ಅದಕ್ಕೆ ಕೊಡೋ ಮಾತ್ರೆ, ಸೆವೆಲಮರ್ ಇರಲಿ ಕ್ಯಾಲ್ಸಿಯಂದು ಇರಲಿ, ಊಟದ ಜೊತೇಲೇ ತಗೋಬೇಕು, ಯಾಕಂದ್ರೆ ಅದು ಹೊಟ್ಟೇಲಿ ಊಟದಲ್ಲಿರೋ ರಂಜಕವನ್ನ ಹಿಡ್ಕೊಂಡು ಹೊರಗೆ ಹೋಗೋ ಮಾತ್ರೆ. ಖಾಲಿ ಹೊಟ್ಟೇಲಿ ನುಂಗಿದ್ರೆ ಹಿಡ್ಕೊಳ್ಳೋಕೆ ಏನೂ ಇರಲ್ಲ. ನಾನು ನಾಲ್ಕು ತಿಂಗಳು ಎಲ್ಲಾ ಮಾತ್ರೆ ಒಟ್ಟಿಗೆ ಬೆಳಿಗ್ಗೆ ನುಂಗ್ತಿದ್ದೆ, ಯಾರೂ ಹೇಳಿರ್ಲಿಲ್ಲ.

ಇಷ್ಟೆಲ್ಲ ಬೇಡ ಬೇಡ ಅಂತ ಕೇಳಿ ತುಂಬಾ ಜನ ಊಟಾನೇ ಕಮ್ಮಿ ಮಾಡ್ತಾರೆ, ಅದು ತಪ್ಪು. ಡಯಾಲಿಸಿಸ್ಸಿಗೆ ಮುಂಚೆ ಪ್ರೋಟೀನ್ ಕಮ್ಮಿ ತಿನ್ನಿ ಅಂತ ಹೇಳಿರ್ತಾರೆ, ಶುರುವಾದ್ಮೇಲೆ ಅದು ಉಲ್ಟಾ, ಒಂದು ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು, ಯಾಕಂದ್ರೆ ಡಯಾಲಿಸಿಸ್ಸಲ್ಲೇ ಒಂದಷ್ಟು ಪ್ರೋಟೀನ್ ಕಳೆದುಹೋಗತ್ತೆ. ಮೊಟ್ಟೆಯ ಬಿಳಿ ಭಾಗ ಇದಕ್ಕೆ ತುಂಬಾ ಒಳ್ಳೇದು, ಪ್ರೋಟೀನ್ ಇದೆ, ರಂಜಕ ಕಮ್ಮಿ. ತಿನ್ನದೆ ಸೊರಗಿದ್ರೆ ಇನ್ನೊಂದು ಮೋಸ ಆಗತ್ತೆ, ಮೈ ಕರಗಿದ ಜಾಗಕ್ಕೆ ನೀರು ಬಂದು ಕೂತಿರತ್ತೆ, ತೂಕ ಮಾತ್ರ ಅಷ್ಟೇ ತೋರ್ಸತ್ತೆ, ಡ್ರೈ ವೇಟ್ ಸರಿ ಇದೆ ಅಂತ ಎಲ್ಲರೂ ಅನ್ಕೊಂಡಿರ್ತಾರೆ. ಬಟ್ಟೆ ಲೂಸ್ ಆಗ್ತಿದೆ ಆದ್ರೂ ದಮ್ಮು ಬರ್ತಿದೆ ಅಂದ್ರೆ ಡ್ರೈ ವೇಟ್ ಮತ್ತೆ ನೋಡಿ ಅಂತ ನೀವೇ ಬಾಯಿ ಬಿಟ್ಟು ಕೇಳಿ.

ಈಗ ಫಿಸ್ಟುಲಾ, ಅಂದ್ರೆ ಡಯಾಲಿಸಿಸ್ ಸೂಜಿ ಚುಚ್ಚೋಕೆ ಅಂತ ಕೈಲಿ ಮಾಡೋ ರಕ್ತನಾಳದ ಜೋಡಣೆ. ಇದರ ಬಗ್ಗೆ ನಾನು ಎಷ್ಟು ಹೇಳಿದ್ರೂ ಕಮ್ಮಿನೇ. ಮುಂಗೈಲೋ ತೋಳಲ್ಲೋ ಒಂದು ಅಪಧಮನಿಯನ್ನ ಪಕ್ಕದ ಅಭಿಧಮನಿಗೆ ಸೇರಿಸಿ ಹೊಲೀತಾರೆ, ಜೋರಾಗಿ ರಕ್ತ ನುಗ್ಗಿ ನುಗ್ಗಿ ಆ ನಾಳ ದಪ್ಪ ಆಗತ್ತೆ, ಸೂಜಿ ಚುಚ್ಚೋ ಹದಕ್ಕೆ ಬರೋಕೆ ಒಂದೂವರೆ ಎರಡು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ ಬೇಕು. 1966ರಲ್ಲಿ ಬ್ರೆಸಿಯಾ, ಸಿಮಿನೊ ಮತ್ತೆ ಜೊತೆಗಾರರು ಈ ದಾರಿ ತೋರಿಸಿದ್ರು, ಇವತ್ತಿಗೂ ಇದೇ ಎಲ್ಲಕ್ಕಿಂತ ಒಳ್ಳೇ ದಾರಿ. ಅದಕ್ಕೇ ಕ್ರಿಯಾಟಿನಿನ್ (ಕಿಡ್ನಿ ಹೊರಗೆ ಹಾಕ್ಬೇಕಾದ ರಕ್ತದಲ್ಲಿನ ಕಸ, ಕಿಡ್ನಿ ಸೋತಷ್ಟೂ ಏರತ್ತೆ) ಏರ್ತಿದೆ, ಮುಂದೆ ಡಯಾಲಿಸಿಸ್ ಬೇಕಾಗ್ಬಹುದು ಅಂತ ಡಾಕ್ಟರ್ ಅಂದ ದಿನದಿಂದಲೇ ಬಲಗೈ ಬಳಸೋರು ಎಡಗೈ ಉಳಿಸ್ಕೊಳ್ಳಿ, ಆ ಕೈಲಿ ರಕ್ತ ತೆಗೆಯೋಕೆ, ಡ್ರಿಪ್ ಹಾಕೋಕೆ ಬಿಡ್ಬೇಡಿ, ಬೇಕಂದ್ರೆ ಇನ್ನೊಂದು ಕೈಯ ಹಿಂಬದಿಲಿ ತಗೊಳ್ಳಿ ಅನ್ನಿ. ಕೊನೇ ಗಳಿಗೆವರೆಗೂ ಫಿಸ್ಟುಲಾ ಮುಂದಕ್ಕೆ ಹಾಕಿದ್ರೆ ಕುತ್ತಿಗೆಯ ರಕ್ತನಾಳಕ್ಕೆ ಕ್ಯಾತೀಟರ್, ಅಂದ್ರೆ ಕೊಳವೆ ಹಾಕ್ಬೇಕಾಗತ್ತೆ, ಅದರಲ್ಲಿ ಇನ್ಫೆಕ್ಷನ್ ಅಪಾಯ ತುಂಬಾ ಜಾಸ್ತಿ. ಕ್ಯಾತೀಟರ್ ಇರೋರು ಅದನ್ನ ಒದ್ದೆ ಮಾಡ್ಬೇಡಿ, ಮುಚ್ಚಳ ಮನೇಲಿ ಬಿಚ್ಚಲೇಬೇಡಿ, ಚಳಿ ನಡುಕ ಜ್ವರ ಬಂದ್ರೆ ಮಾತ್ರೆ ನುಂಗಿ ಮಲಗೋ ಜ್ವರ ಅಲ್ಲ ಅದು, ರಕ್ತಕ್ಕೇ ಸೋಂಕು ಹೋಗಿರ್ಬಹುದು.

ಫಿಸ್ಟುಲಾ ಇರೋ ಜಾಗದ ಮೇಲೆ ಮೂರು ಬೆರಳು ಮೆಲ್ಲಗೆ ಇಟ್ಟು ನೋಡಿ, ಬೆಕ್ಕು ತೊಡೆ ಮೇಲೆ ಮಲಗಿ ಗುರ್ ಗುರ್ ಅಂತಿರತ್ತಲ್ಲ ಹಾಗೆ ಒಳಗೆ ಜುಮ್ ಜುಮ್ ಅಂತ ಹರೀತಿರತ್ತೆ. ಅದಕ್ಕೆ ಥ್ರಿಲ್ ಅಂತಾರೆ. ರಾತ್ರಿ ಆ ಕೈ ಕಿವಿ ಹತ್ರ ಇಟ್ಟು ಮಲಗಿದ್ರೆ ಸದ್ದೂ ಕೇಳತ್ತೆ. ದಿನಾ ಬೆಳಿಗ್ಗೆ ಎದ್ದ ತಕ್ಷಣ, ರಾತ್ರಿ ಮಲಗೋ ಮುಂಚೆ ಮುಟ್ಟಿ ನೋಡಿ. ಒಂದಿನ ಅದು ಸಿಗಲಿಲ್ಲ ಅಥವಾ ಹಗುರಾಗಿ ನಾಡಿ ಥರ ಟಕ್ ಟಕ್ ಅಂತ ಮಾತ್ರ ಬಡೀತಿದೆ ಅಂದ್ರೆ ಒಳಗೆ ರಕ್ತ ಹೆಪ್ಪುಗಟ್ಟಿರ್ಬಹುದು, ಅವತ್ತೇ, ಆಗ್ಲೇ ಹೋದ್ರೆ ಉಳಿಸೋ ಸಾಧ್ಯತೆ ಇರತ್ತೆ, ನಾಳೆ ಹೇಗೂ ಡಯಾಲಿಸಿಸ್ ಇದ್ಯಲ್ಲ ಆಗ ಹೇಳೋಣ ಅಂದ್ರೆ ಕಳ್ಕೊಳ್ತೀರಿ. ಆ ಕೈಗೆ ಬಿಪಿ ಪಟ್ಟಿ ಬೇಡ, ಬಿಗಿ ವಾಚು ಬಳೆ ಬೇಡ, ಭಾರದ ಬ್ಯಾಗು ನೇತು ಹಾಕ್ಕೋಬೇಡಿ, ಅದನ್ನ ತಲೆ ಕೆಳಗೆ ಇಟ್ಟು ಮಲಗ್ಬೇಡಿ. ಮನೆಗೆ ಬಂದ್ಮೇಲೆ ಸೂಜಿ ಚುಚ್ಚಿದ ಕಡೆ ರಕ್ತ ಚಿಮ್ಮಿದ್ರೆ ಗಾಬರಿಲಿ ದೊಡ್ಡ ಟವೆಲ್ ಸುತ್ತೋಕೆ ಹೋಗ್ತಾರೆ, ಟವೆಲ್ ರಕ್ತ ಹೀರ್ಕೊಳ್ಳತ್ತೆ ಅಷ್ಟೇ, ಒತ್ತಡ ಬೀಳಲ್ಲ. ಚಿಕ್ಕದಾಗಿ ಮಡಚಿದ ಹತ್ತಿ ಬಟ್ಟೆ ಇಟ್ಟು ಸರಿಯಾಗಿ ಆ ತೂತಿನ ಮೇಲೇ ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು ಕೈ ಮೇಲಕ್ಕೆತ್ತಿ, ಮಧ್ಯ ಮಧ್ಯ ಬಿಟ್ಟು ನೋಡ್ಬೇಡಿ, ಪಕ್ಕದವರಿಗೆ ಆಂಬುಲೆನ್ಸಿಗೆ ಫೋನ್ ಮಾಡೋಕೆ ಹೇಳಿ.

ಮೆಷಿನ್ ಮೇಲಿರೋ ನಾಲ್ಕು ಗಂಟೆ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಅರ್ಧ ಗಂಟೆ ಮುಂಚೆ ಬಿಡಿಸಿ ಅಂತ ಗೋಗರೀಬೇಡಿ, ವಾರಕ್ಕೆ ಮೂರು ಅರ್ಧ ಗಂಟೆ ಅಂದ್ರೆ ತಿಂಗಳಿಗೆ ಆರು ಗಂಟೆ ಮೇಲೆ ಆಯ್ತು, ಒಂದೂವರೆ ಡಯಾಲಿಸಿಸ್ ಬಿಟ್ಟ ಹಾಗೆ. ಬಿಪಿ ಮಾತ್ರೆ ಅವತ್ತು ಮುಂಚೆ ತಗೋಬೇಕಾ ಆಮೇಲೆ ತಗೋಬೇಕಾ ಕೇಳ್ಕೊಳ್ಳಿ. ಮಧ್ಯದಲ್ಲಿ ಹೊಟ್ಟೆ ತುಂಬಾ ತಿಂದ್ರೆ ರಕ್ತ ಹೊಟ್ಟೆ ಕಡೆ ಹೋಗಿ ಬಿಪಿ ಬೀಳತ್ತೆ. ಆಕಳಿಕೆ, ಬೆವರು, ಕಣ್ಣು ಮಂಜು ಆದ್ರೆ ಸಿಸ್ಟರನ್ನ ಕೂಗಿ, ತಡ್ಕೊಂಡು ಮಲಗಿರ್ಬೇಡಿ. ಹೆಪಟೈಟಿಸ್ ಬಿ ಲಸಿಕೆ ನಮಗೆ ಮಾಮೂಲಿಗಿಂತ ದುಪ್ಪಟ್ಟು ಡೋಸಲ್ಲಿ ಕೊಡ್ತಾರೆ, ಹಾಕಿಸ್ಕೊಂಡ್ರಾ ನೋಡಿ. ಮಂಡಿ ನೋವು ತಲೆ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗ್ಬೇಡಿ, ಇನ್ನೂ ಸ್ವಲ್ಪ ಮೂತ್ರ ಬರ್ತಿದ್ರೆ ಅದನ್ನೂ ಅದು ನಿಲ್ಲಿಸತ್ತೆ, ದಿನಕ್ಕೆ ಕಾಲು ಲೀಟರ್ ಬಂದ್ರೂ ಅದು ಬಂಗಾರ. ಹೊಟ್ಟೆ ಮೂಲಕ ಮನೇಲೇ ಮಾಡ್ಕೊಳ್ಳೋ ಪೆರಿಟೋನಿಯಲ್ ಡಯಾಲಿಸಿಸ್ಸೂ ಇದೆ, ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ ಎರಡೆರಡು ಲೀಟರ್ ಡಯಾಲಿಸಿಸ್ ದ್ರಾವಣ ಹೊಟ್ಟೆಯೊಳಗೆ ಹಾಕಿ ತೆಗೆಯೋದು, ಊಟದ ಕಟ್ಟುಪಾಡು ಅದ್ರಲ್ಲಿ ಸ್ವಲ್ಪ ಸಡಿಲ, ಕೈ ತೊಳೆಯೋದ್ರಲ್ಲಿ ಮಾತ್ರ ಯಾವ ಸಡಿಲಿಕೆನೂ ಇಲ್ಲ, ಹೊರಗೆ ಬಂದ ನೀರು ಮಂಜಾಗಿದ್ರೆ ಬ್ಯಾಗ್ ಸಮೇತ ಆಸ್ಪತ್ರೆಗೆ ಹೋಗಿ.

ಟ್ರಾನ್ಸ್‌ಪ್ಲಾಂಟ್ ಬಗ್ಗೆ ಮಾತು ಮೊದಲ ದಿನದಿಂದಲೇ ಶುರು ಮಾಡಿ. ಮನೇಲಿ ಕೊಡೋರು ಸಿದ್ಧ ಇದ್ರೆ ಡಯಾಲಿಸಿಸ್ ಹಿಡಿಯೋಕೂ ಮುಂಚೆನೇ ಮಾಡ್ಬಹುದು. ರಕ್ತದ ಗುಂಪು ಹೊಂದಲಿಲ್ಲ ಅಂದ್ರೆ ಅಲ್ಲಿಗೇ ಮುಗೀತು ಅನ್ಕೋಬೇಡಿ, ಅದೇ ತೊಂದರೆ ಇರೋ ಇನ್ನೊಂದು ಮನೆಯವರ ಜೊತೆ ಅದಲು ಬದಲು ಮಾಡೋ ಸ್ವಾಪ್ ಪದ್ಧತಿ ಇದೆ. ಕಾಯ್ತಾ ಇರೋರು ಹಿಮೋಗ್ಲೋಬಿನ್ ಕಮ್ಮಿ ಅಂತ ಸುಮ್ಮಸುಮ್ನೆ ರಕ್ತ ಹಾಕಿಸ್ಕೊಳ್ಳೋದು ಬೇಡ, ಬೇರೆಯವರ ರಕ್ತ ಸೇರಿದ ಹಾಗೆ ಮೈಯಲ್ಲಿ ಆಂಟಿಬಾಡಿ ಬೆಳೆದು ಮುಂದೆ ಕ್ರಾಸ್‌ಮ್ಯಾಚ್, ಅಂದ್ರೆ ಕೊಡೋರ ಕಿಡ್ನಿ ನಮಗೆ ಹೊಂದತ್ತಾ ಅಂತ ನೋಡೋ ರಕ್ತದ ಟೆಸ್ಟ್, ಸರಿ ಬರೋದು ಕಷ್ಟ ಆಗತ್ತೆ, ರಕ್ತ ಹೆಚ್ಚಿಸೋ ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಮತ್ತೆ ಐರನ್ನಲ್ಲಿ ಆಗತ್ತಾ ಅಂತ ಮೊದಲು ಕೇಳಿ.

ಕೊಡೋರ ಭಯ ದೊಡ್ಡದು, ಅದನ್ನ ಮನೆಯವರೆಲ್ಲ ಸೇರಿ ತಳ್ಳಿ ಹಾಕ್ಬಾರ್ದು. ನಮ್ಮಕ್ಕ ಆಪರೇಷನ್ನಿಗೆ ಒಂದು ವಾರ ಇರೋವಾಗ "ನನಗೇನಾದ್ರೂ ಆದ್ರೆ ಮಕ್ಕಳ ಗತಿ ಏನೋ" ಅಂತ ಕೇಳಿದ್ಲು, ನನ್ನ ಹತ್ರ ಉತ್ತರ ಇರ್ಲಿಲ್ಲ, ಇಬ್ರೂ ಹೋಗಿ ಡಾಕ್ಟರ್ ಮುಂದೆ ಕೂತು ಎರಡು ಗಂಟೆ ಎಲ್ಲಾ ಕೇಳಿದ್ವಿ. ಮೊದಲ ಯಶಸ್ವಿ ಕಿಡ್ನಿ ಟ್ರಾನ್ಸ್‌ಪ್ಲಾಂಟ್ 1954ರ ಡಿಸೆಂಬರಲ್ಲಿ ಬಾಸ್ಟನ್ನಲ್ಲಿ ಜೋಸೆಫ್ ಮರ್ರೆ ಅವರ ತಂಡ ಅವಳಿ ಅಣ್ಣತಮ್ಮಂದಿರಿಗೆ ಮಾಡಿದ್ದು, ಕೊಟ್ಟ ರೊನಾಲ್ಡ್ ಹೆರಿಕ್ ಬದುಕಿದ್ದು 2010ರವರೆಗೆ, ಅಂದ್ರೆ ಕೊಟ್ಟ ಮೇಲೆ 56 ವರ್ಷ. ಉಳಿದ ಒಂದು ಕಿಡ್ನಿ ಸ್ವಲ್ಪ ದೊಡ್ಡದಾಗಿ ಹೆಚ್ಚಿನ ಕೆಲಸ ಹೊತ್ಕೊಳ್ಳತ್ತೆ. ಅಪಾಯ ಸೊನ್ನೆ ಅಂತ ಮಾತ್ರ ಹೇಳ್ಬೇಡಿ, ಮುಂದೆ ಬಿಪಿ, ಕಿಡ್ನಿ ತೊಂದರೆ ಬರೋ ಸಾಧ್ಯತೆ ಸ್ವಲ್ಪ ಏರತ್ತೆ, ಮುಂದೆ ಮಕ್ಕಳಾಗೋ ವಯಸ್ಸಿನ ಹೆಣ್ಣುಮಕ್ಕಳಿಗೆ ಬಸುರಿಲಿ ಬಿಪಿ ಏರೋ ಸಾಧ್ಯತೆನೂ. ಕೊಟ್ಟವರಿಗೂ ವರ್ಷಕ್ಕೊಂದು ಸಲ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ನೋಡಿಸ್ಬೇಕು. ಅಕ್ಕನ ಡೇಟನ್ನ ನಾನೇ ನನ್ನ ಫೋನಲ್ಲಿ ಹಾಕ್ಕೊಂಡಿದೀನಿ.

ಹೊಸ ಕಿಡ್ನಿನ ಕೆಳಹೊಟ್ಟೆ ಪಕ್ಕದಲ್ಲಿ ಇಡ್ತಾರೆ, ಹಳೇವನ್ನ ಸಾಮಾನ್ಯವಾಗಿ ತೆಗೆಯಲ್ಲ. ಮೂತ್ರ ಬಂದ ದಿನ ಮನೆಯವರೆಲ್ಲ ಅತ್ತುಬಿಡ್ತಾರೆ, ಆದ್ರೆ ಇಲ್ಲಿಂದ ಲೆಕ್ಕ 168 ಗಂಟೆಗೂ ಬರತ್ತೆ, ಈಗ ಮೆಷಿನ್ ಇಲ್ಲ, ಮಾತ್ರೆ ಇದೆ. ಹೊಸ ಕಿಡ್ನಿನ ಮೈ ತಿರಸ್ಕರಿಸದ ಹಾಗೆ ತಡೆಯೋ ಟ್ಯಾಕ್ರೊಲಿಮಸ್ ಮಾತ್ರೆ ದಿನಕ್ಕೆ ಎರಡು ಸಲ ತಗೊಳ್ಳೋ ಥರದ್ದಾದ್ರೆ ಸರಿಯಾಗಿ 12 ಗಂಟೆ ಅಂತರ, ಎರಡು ಅಲಾರಂ ಇಡಿ. ರಕ್ತದಲ್ಲಿ ಅದರ ಲೆವೆಲ್ ನೋಡೋ ದಿನ ಬೆಳಿಗ್ಗೆ ಮಾತ್ರೆ ನುಂಗದೆ ಹೋಗಿ, ಡಬ್ಬಿಲಿ ಹಾಕಿ ಜೊತೇಲಿ ಒಯ್ಯಿರಿ, ರಕ್ತ ಕೊಟ್ಟ ತಕ್ಷಣ ನುಂಗಿ. ನುಂಗಿ ಹೋದ್ರೆ ಲೆವೆಲ್ ಸುಳ್ಳೇ ಜಾಸ್ತಿ ತೋರ್ಸತ್ತೆ, ಅದನ್ನ ನಂಬಿ ಡೋಸ್ ಇಳಿಸಿದ್ರೆ ಕಿಡ್ನಿಗೇ ಆಪತ್ತು. ಮೆಡಿಕಲ್ ಶಾಪಿನವರು ಬೇರೆ ಕಂಪನಿದು ಕೊಟ್ರೆ ಕೇಳದೆ ಬದಲಾಯಿಸ್ಬೇಡಿ. ದ್ರಾಕ್ಷಿಹಣ್ಣಲ್ಲ, ಗ್ರೇಪ್‌ಫ್ರೂಟ್ ಮತ್ತೆ ಚಕೋತ, ಅವೆರಡನ್ನ ಬಿಟ್ಟುಬಿಡಿ, ಲೆವೆಲ್ ಏರಿಸ್ತವೆ. ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್ ಏರಿಸ್ತವೆ, ಟಿಬಿಗೆ ಕೊಡೋ ರಿಫಾಂಪಿಸಿನ್ ಇಳಿಸತ್ತೆ, ಹಾಗಾಗಿ ಹಲ್ಲಿನ ಡಾಕ್ಟರ್ ಹತ್ರ ಹೋದ್ರೂ ನಾನು ಟ್ರಾನ್ಸ್‌ಪ್ಲಾಂಟ್ ಪೇಶೆಂಟ್ ಅನ್ನೋದೇ ನಿಮ್ಮ ಮೊದಲ ಮಾತಾಗಿರ್ಲಿ. ವಾಂತಿ ಆಗಿ ಮಾತ್ರೆ ಹೊರಗೆ ಬಂತು, ಭೇದಿ ನಿಲ್ತಿಲ್ಲ, ಒಂದು ಡೋಸ್ ಮರೆತೋಯ್ತು ಅಂದ್ರೆ ಎರಡು ಡೋಸ್ ಒಟ್ಟಿಗೆ ನುಂಗೋದು ಬೇಡ, ಫೋನ್ ಮಾಡಿ ಕೇಳಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ರೆ, ಮೂತ್ರ ಕಮ್ಮಿ ಆದ್ರೆ, ಕಿಡ್ನಿ ಇಟ್ಟ ಕಡೆ ನೋವು ಬಂದ್ರೆ, ತೂಕ ಧಿಡೀರ್ ಏರಿದ್ರೆ ಅವತ್ತೇ ಹೋಗಿ. ರಿಜೆಕ್ಷನ್, ಅಂದ್ರೆ ಮೈ ಹೊಸ ಕಿಡ್ನಿನ ತಿರಸ್ಕರಿಸೋದು ಶುರುವಾದಾಗ ಎಷ್ಟೋ ಜನಕ್ಕೆ ಏನೂ ಅನ್ನಿಸಲ್ಲ, ಕ್ರಿಯಾಟಿನಿನ್ ಮಾತ್ರ ಏರಿರತ್ತೆ, ಆರಾಮಾಗಿದೀನಿ ಅಂತ ಟೆಸ್ಟ್ ಮುಂದಕ್ಕೆ ಹಾಕೋದು ಅದಕ್ಕೇ ಸರಿಯಲ್ಲ. ಮೈ ಚೆನ್ನಾಗಿದೆ, ಇನ್ಯಾಕೆ ಮಾತ್ರೆ ಅಂತ ಎರಡು ಮೂರು ವರ್ಷದ ಮೇಲೆ ಬಿಟ್ಟು ಕಿಡ್ನಿ ಕಳ್ಕೊಂಡು ವಾಪಸ್ ಪಕ್ಕದ ಬೆಡ್ಡಿಗೆ ಬಂದವರನ್ನ ನಾನು ಕಣ್ಣಾರೆ ನೋಡಿದೀನಿ, ಕೊಟ್ಟ ತಾಯಿ ಹೊರಗೆ ಬೆಂಚ್ ಮೇಲೆ ಕೂತಿದ್ರು.

ಫಿಸ್ಟುಲಾ ಈಗ ಬೇಡ್ವಲ್ಲ ಅಂತ ಕೆಲವರು ಕೇಳ್ತಾರೆ. ಕೊಟ್ಟ ಕಿಡ್ನಿನೂ ಸರಾಸರಿ 15, 20 ವರ್ಷ, ತೀರಿಹೋದವರಿಂದ ಬಂದಿದ್ರೆ ಇನ್ನೂ ಸ್ವಲ್ಪ ಕಮ್ಮಿ, ಆಮೇಲೆ ಮತ್ತೆ ಬೇಕಾಗ್ಬಹುದು, ಹೃದಯಕ್ಕೆ ಭಾರ ಆಗ್ತಿಲ್ಲ ಅಂದ್ರೆ ಹಾಗೇ ಬಿಡ್ತಾರೆ. ನನ್ನ ಎಡಗೈಲಿ ಅದು ಇನ್ನೂ ಇದೆ. ಬೆಳಿಗ್ಗೆ ಎಂಟರ ಅಲಾರಂ ಹೊಡೆದಾಗ ಮಾತ್ರೆ ನುಂಗಿ ಮೂರು ಬೆರಳಿಟ್ಟು ನೋಡ್ತೀನಿ, ಎಲ್ಲಾದ್ರೂ ಬಿಪಿ ನೋಡೋಕೆ ಬಂದ್ರೆ ಬಲಗೈ ಮುಂದೆ ಮಾಡ್ತೀನಿ.